ಗ್ಲೆನ್ ಸೀಬೋರ್ಗ್, ಬದುಕು ಮತ್ತು ರಸಾಯನವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲುಟೋನಿಯಂ, ಆವರ್ತ ಕೋಷ್ಟಕ, ಅಣುಬಾಂಬು, ಈ ಮೂರರಲ್ಲಿ ಯಾವುದರ ಮಾತು ಬಂದರೂ ಸೀಬೋರ್ಗ್ ಅವರ ಹೆಸರು ಬಂದೇ ಬರುತ್ತದೆ. ಆಗ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ವಿಜ್ಞಾನಾಸಕ್ತ ಓದುಗರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೇಳಿದವರ ಮಾತಿನಲ್ಲೇ ಕೊಡಲಾಗಿದೆ. ಸರಳವಾದವು ಮೊದಲು ಬರುತ್ತವೆ. ರಸಾಯನವಿಜ್ಞಾನದ ಪರಿಚಯವನ್ನು ಬೇಡುವಂಥವು ಕೊನೆಯಲ್ಲಿವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಸೀಬೋರ್ಗ್ ಯಾರು? ಒಂದೆರಡು ಮಾತಿನಲ್ಲಿ ಹೇಳಿ.

ಗ್ಲೆನ್ ಥಿಯೊಡೋರ್ ಸೀಬೋರ್ಗ್ (1912–1999) ಅಮೆರಿಕದ ನ್ಯೂಕ್ಲಿಯರ್ ರಸಾಯನವಿಜ್ಞಾನಿ. ಪ್ಲುಟೋನಿಯಂ ಮೊದಲ್ಗೊಂಡು ಯುರೇನಿಯಂನ ಆಚೆಗಿನ ಹತ್ತು ಧಾತುಗಳ ಶೋಧದಲ್ಲಿ ಪಾಲುಗೊಂಡವರು, ಆವರ್ತ ಕೋಷ್ಟಕದ ಕೆಳಗೆ ಪ್ರತ್ಯೇಕವಾಗಿ ಅಚ್ಚಾಗುವ ಆಕ್ಟಿನೈಡ್ ಸಾಲನ್ನು ಸೂಚಿಸಿದವರು, 1951ರ ರಸಾಯನವಿಜ್ಞಾನ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡವರು. ಹತ್ತು ವರ್ಷ ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರೂ ಆಗಿದ್ದರು.

ಅವರು ಹುಟ್ಟಿ ಬೆಳೆದದ್ದು ಎಲ್ಲಿ? ಸ್ವೀಡನ್ನಿನವರು ಎಂದು ಕೆಲವರು ಹೇಳುತ್ತಾರಲ್ಲ?

ಹುಟ್ಟಿದ್ದು 1912ರ ಏಪ್ರಿಲ್ 19ರಂದು, ಅಮೆರಿಕದ ಮಿಷಿಗನ್ ರಾಜ್ಯದ ಇಷ್ಪೆಮಿಂಗ್ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ. ತಂದೆ ಹರ್ಮನ್ ಯಂತ್ರ ಕುಶಲಕರ್ಮಿ. ತಾಯಿ ಸೆಲ್ಮಾ ಸ್ವೀಡನ್ನಿನಿಂದ ವಲಸೆ ಬಂದವರು. ಮನೆಮಾತು ಸ್ವೀಡಿಷ್ ಆಗಿದ್ದರಿಂದ ಈ ತಪ್ಪು ತಿಳಿವಳಿಕೆ ಹುಟ್ಟಿಕೊಂಡಿರಬೇಕು. ಅವರಿಗೆ ಹತ್ತು ವರ್ಷವಾದಾಗ ಕುಟುಂಬ ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ಬಳಿಗೆ ಬಂದು ನೆಲೆಸಿತು. ಮುಂದಿನ ಬದುಕಿನ ಬಹುಪಾಲು ಅದೇ ರಾಜ್ಯದಲ್ಲಿ ಕಳೆಯಿತು.

ಅಷ್ಟೇನೂ ಅನುಕೂಲವಿಲ್ಲದ ಮನೆಯ ಹುಡುಗ ವಿಜ್ಞಾನಕ್ಕೆ ಬಂದದ್ದು ಹೇಗೆ?

ಮಗ ಲೆಕ್ಕಪತ್ರದ ಕೆಲಸ ಕಲಿತು ಸುಭದ್ರ ಜೀವನ ಮಾಡಲಿ ಎಂಬುದು ತಾಯಿಯ ಆಸೆಯಾಗಿತ್ತು. ಆ ದಾರಿ ಬದಲಾದದ್ದು ಲಾಸ್ ಏಂಜಲಿಸ್‌ನ ವಾಟ್ಸ್ ಪ್ರದೇಶದ ಡೇವಿಡ್ ಸ್ಟಾರ್ ಜಾರ್ಡನ್ ಪ್ರೌಢಶಾಲೆಯಲ್ಲಿ, ಡ್ವೈಟ್ ಲೋಗನ್ ರೀಡ್ ಎಂಬ ಶಿಕ್ಷಕರು ರಸಾಯನವಿಜ್ಞಾನವನ್ನು ಪಾಠ ಮಾಡಿದ ರೀತಿಯಿಂದ. ಅಲ್ಲಿಯವರೆಗೆ ವಿಜ್ಞಾನದ ಗಂಧವೇ ಇಲ್ಲದಿದ್ದ ಹುಡುಗ ಒಂದೇ ವರ್ಷದಲ್ಲಿ ತನ್ನ ಬದುಕಿನ ಕೆಲಸ ಇದೇ ಎಂದು ನಿರ್ಧರಿಸಿದ. ಸೀಬೋರ್ಗ್ ಈ ಋಣವನ್ನು ಎಂದೂ ಮರೆಯಲಿಲ್ಲ. ನೊಬೆಲ್ ಬಂದ ಮೇಲೂ ರೀಡ್ ಅವರ ಹೆಸರನ್ನು ಹೇಳುತ್ತಲೇ ಇದ್ದರು. ಅದೇ ಶಾಲೆಯ ಗೆಳೆಯ ಸ್ಟ್ಯಾನ್ಲಿ ಥಾಂಪ್ಸನ್ ಮುಂದೆ ಅವರ ದೊಡ್ಡ ಕೆಲಸಗಳಲ್ಲಿ ಬಲಗೈಯಾದರು.

1929ರಲ್ಲಿ ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದ ಸೀಬೋರ್ಗ್ ಬಂದರಿನಲ್ಲಿ ಸರಕು ಹೊತ್ತು, ಹಣ್ಣು ತುಂಬುವ ಕೆಲಸ ಮಾಡಿ, ರಬ್ಬರ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ಓದಿನ ಖರ್ಚು ತೂಗಿಸಿಕೊಂಡರು. ಲಾಸ್ ಏಂಜಲಿಸ್‌ನಲ್ಲಿ ಪದವಿ ಮುಗಿಸಿ 1934ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು; 1937ರಲ್ಲಿ ಅಲ್ಲಿಯೇ ಪಿಎಚ್‌.ಡಿ. ಪಡೆದು, ಹೆಸರಾಂತ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಅವರ ಖಾಸಗಿ ಸಂಶೋಧನಾ ಸಹಾಯಕರಾದರು.

ಪರಮಾಣುವಿನ ಒಡಲಿನ ವಿಷಯ ಭೌತವಿಜ್ಞಾನವಲ್ಲವೇ? ಇದರಲ್ಲಿ ರಸಾಯನವಿಜ್ಞಾನಿಗೆ ಏನು ಕೆಲಸ?

ಸೀಬೋರ್ಗ್ ಅವರ ಇಡೀ ಜೀವನವನ್ನು ಅರ್ಥ ಮಾಡಿಕೊಳ್ಳಲು ಈ ಪ್ರಶ್ನೆಯೇ ಕೀಲಿಕೈ. ಯುರೇನಿಯಂ ಮೇಲೆ ಕಣಗಳನ್ನು ಹಾಯಿಸಿದಾಗ ಹೊಸ ಪರಮಾಣುಗಳು ಹುಟ್ಟುತ್ತವೆ, ನಿಜ. ಆದರೆ ಅವು ಲೆಕ್ಕವಿಲ್ಲದಷ್ಟು ಹಳೆಯ ಯುರೇನಿಯಂ ಪರಮಾಣುಗಳ ನಡುವೆ ಬೆರಳೆಣಿಕೆಯಷ್ಟಿರುತ್ತವೆ. ಜೊತೆಗೆ ವಿದಳನದಿಂದ, ಅಂದರೆ ಪರಮಾಣುವಿನ ಬೀಜಕೇಂದ್ರ ಒಡೆಯುವುದರಿಂದ, ಹುಟ್ಟಿದ ಹತ್ತಾರು ಬಗೆಯ ವಿಕಿರಣಶೀಲ ಚೂರುಗಳೂ ಬೆರೆತಿರುತ್ತವೆ. ಆ ಮಿಶ್ರಣದಲ್ಲಿ ಹೊಸತು ಯಾವುದು, ಅದು ಯಾವ ಧಾತು ಎಂದು ಹೇಳಬೇಕಾದರೆ ಅದನ್ನು ಉಳಿದೆಲ್ಲದರಿಂದ ಬಿಡಿಸಬೇಕು. ಕರಗಿಸುವುದು, ಪ್ರಕ್ಷೇಪಗೊಳಿಸುವುದು (ದ್ರಾವಣದಿಂದ ಗಟ್ಟಿಯಾಗಿ ತಳಕ್ಕಿಳಿಸುವುದು), ಉತ್ಕರ್ಷಿಸುವುದು (ಎಲೆಕ್ಟ್ರಾನ್‌ಗಳನ್ನು ಕಳಚುವುದು), ಸೋಸುವುದು, ಇವೆಲ್ಲ ರಸಾಯನವಿಜ್ಞಾನಿಯ ಕೈಚಳಕ. ಕಣ್ಣಿಗೆ ಕಾಣದಷ್ಟು, ತಕ್ಕಡಿಗೆ ಸಿಗದಷ್ಟು ವಸ್ತುವಿನ ಗುಣವನ್ನು ಅದರ ವಿಕಿರಣದ ಜಾಡು ಹಿಡಿದು ತಿಳಿಯುವ ಈ ವಿದ್ಯೆಯಲ್ಲಿ ಸೀಬೋರ್ಗ್ ಅವರಿಗೆ ಸರಿಸಾಟಿಯಾದವರು ಅವರ ಕಾಲದಲ್ಲಿ ಕಡಿಮೆ.

## ಶೋಧಗಳು

ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್‌ಗೂ ಇವರಿಗೂ ಸಂಬಂಧವಿದೆಯೇ?

ಇದೆ. ಪ್ಲುಟೋನಿಯಂಗಿಂತ ಮೊದಲೇ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಭೌತವಿಜ್ಞಾನಿ ಜ್ಯಾಕ್ ಲಿವಿಂಗುಡ್ ಅವರ ಜೊತೆಗೂಡಿ ಬರ್ಕ್ಲಿಯ ಸೈಕ್ಲೊಟ್ರಾನ್ ಎಂಬ, ಕಣಗಳಿಗೆ ವೇಗ ಕೊಡುವ ಯಂತ್ರದಿಂದ ಬಂದ ಗುರಿವಸ್ತುಗಳನ್ನು ರಾಸಾಯನಿಕವಾಗಿ ಬಿಡಿಸಿ ಸೀಬೋರ್ಗ್ ಅನೇಕ ಹೊಸ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ರೂಪಗಳನ್ನು) ಪತ್ತೆಹಚ್ಚಿದರು. ವೈದ್ಯ ಜೋಸೆಫ್ ಹ್ಯಾಮಿಲ್ಟನ್ ಆಗ ಥೈರಾಯ್ಡ್ ಅಧ್ಯಯನಕ್ಕೆ ಬಳಸುತ್ತಿದ್ದ ಅಯೋಡಿನ್‌ನ ಅರ್ಧಾಯು, ಅಂದರೆ ಅದರ ಅರ್ಧಭಾಗ ಕ್ಷಯಿಸಲು ಹಿಡಿಯುವ ಕಾಲ, ಕೇವಲ 25 ನಿಮಿಷ; ಪ್ರಯೋಗ ಕೈಗೂಡುವ ಮೊದಲೇ ಅದು ಕರಗಿಹೋಗುತ್ತಿತ್ತು. ಎಷ್ಟು ಅರ್ಧಾಯು ಇದ್ದರೆ ಅನುಕೂಲ ಎಂದು ಸೀಬೋರ್ಗ್ ಕೇಳಿದಾಗ ಅವರು ಸುಮಾರು ಒಂದು ವಾರ ಎಂದರಂತೆ. 1938ರಲ್ಲಿ ಸಿಕ್ಕ ಅಯೋಡಿನ್-131ರ ಅರ್ಧಾಯು 8 ದಿನ! ಮುಂದೆ ಸೀಬೋರ್ಗ್ ಅವರ ತಾಯಿಯೂ ಇದೇ ಐಸೊಟೋಪಿನ ಚಿಕಿತ್ಸೆಯಿಂದ ಪ್ರಯೋಜನ ಪಡೆದರು.

ಕ್ಯಾನ್ಸರ್ ಚಿಕಿತ್ಸೆಗೂ ವೈದ್ಯಕೀಯ ಉಪಕರಣಗಳನ್ನು ಕ್ರಿಮಿಶುದ್ಧಗೊಳಿಸಲೂ ಬಳಕೆಯಾದ ಕೋಬಾಲ್ಟ್-60, ರಕ್ತದ ಅಧ್ಯಯನಕ್ಕೆ ನೆರವಾದ ಕಬ್ಬಿಣ-59 ಇದೇ ಕೆಲಸದ ಫಲ. ಎಮಿಲಿಯೊ ಸೆಗ್ರೆ ಅವರ ಜೊತೆ ಗುರುತಿಸಿದ ಟೆಕ್ನೀಷಿಯಂ-99ಎಂ ಇಂದು ದೇಹದೊಳಗಿನ ಅಂಗಗಳನ್ನು ಚಿತ್ರಿಸುವ ಪರೀಕ್ಷೆಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ವಿಕಿರಣಶೀಲ ವಸ್ತು. ಅವರ ಕೆಲಸದಿಂದ ಅತಿ ಹೆಚ್ಚು ಜನರಿಗೆ ನೇರವಾಗಿ ಒಳಿತಾದದ್ದು ಬಹುಶಃ ಈ ಐಸೊಟೋಪುಗಳಿಂದಲೇ. ಪ್ಲುಟೋನಿಯಂನ ಗದ್ದಲದಲ್ಲಿ ಇದು ಮರೆಯಾಗಿದೆ.

ಪ್ಲುಟೋನಿಯಂ ಸಿಕ್ಕಿತು ಎಂದು ಅವರಿಗೆ ಖಾತ್ರಿಯಾದದ್ದು ಹೇಗೆ?

1940ರಲ್ಲಿ ಬರ್ಕ್ಲಿಯಲ್ಲಿ ಎಡ್ವಿನ್ ಮೆಕ್‌ಮಿಲನ್ ಮತ್ತು ಫಿಲಿಪ್ ಏಬಲ್‌ಸನ್ 93ನೆಯ ಧಾತು ನೆಪ್ಚೂನಿಯಂ ಅನ್ನು ಕಂಡುಹಿಡಿದಿದ್ದರು. ಮೆಕ್‌ಮಿಲನ್ 94ನೆಯದರ ಹುಡುಕಾಟವನ್ನೂ ಶುರುಮಾಡಿದ್ದರು; ಅಷ್ಟರಲ್ಲಿ ಯುದ್ಧಕಾಲದ ರೇಡಾರ್ ಕೆಲಸಕ್ಕೆ ಕರೆ ಬಂದು ದೇಶದ ಇನ್ನೊಂದು ತುದಿಗೆ ಹೋಗಬೇಕಾಯಿತು. ಸೀಬೋರ್ಗ್ ಪತ್ರ ಬರೆದು ಅವರ ಒಪ್ಪಿಗೆ ಪಡೆದ ಮೇಲೆಯೇ ಕೆಲಸವನ್ನು ಕೈಗೆತ್ತಿಕೊಂಡರು. ಜೊತೆಗಿದ್ದವರು ಸಹೋದ್ಯೋಗಿ ಜೋಸೆಫ್ ಕೆನೆಡಿ ಮತ್ತು ಸಂಶೋಧನಾ ವಿದ್ಯಾರ್ಥಿ ಆರ್ಥರ್ ವಾಲ್.

1940ರ ಡಿಸೆಂಬರ್ 14ರಂದು ಅವರು 60 ಅಂಗುಲದ ಸೈಕ್ಲೊಟ್ರಾನ್‌ನಲ್ಲಿ ಯುರೇನಿಯಂ ಮೇಲೆ ಡ್ಯೂಟೆರಾನ್‌ಗಳನ್ನು (ಭಾರ ಜಲಜನಕದ ಬೀಜಕೇಂದ್ರಗಳನ್ನು) ಹಾಯಿಸಿದರು. ಹುಟ್ಟಿದ ನೆಪ್ಚೂನಿಯಂ-238 ಕ್ಷಯಿಸುತ್ತ ಹೋದಂತೆ ಆಲ್ಫಾ ಕಣಗಳನ್ನು ಸೂಸುವ ಯಾವುದೋ ವಸ್ತು ಹೆಚ್ಚುತ್ತ ಬಂತು. ಅದು 94ನೆಯ ಧಾತುವೇ ಇರಬೇಕೆಂದು ಅನುಮಾನ ಬಂದರೆ ಸಾಲದು. ಅದು ಥೋರಿಯಂನಂಥ ಹಳೆಯ ಧಾತುವೊಂದರ ಐಸೊಟೋಪ್ ಅಲ್ಲ ಎಂದು ತೋರಿಸಬೇಕಿತ್ತು, ಏಕೆಂದರೆ ಮೊದಲ ಪರೀಕ್ಷೆಗಳಲ್ಲಿ ಅದು ಥೋರಿಯಂ ಜೊತೆಗೇ ಪ್ರಕ್ಷೇಪವಾಗುತ್ತಿತ್ತು. ಸಾಧಾರಣ ಉತ್ಕರ್ಷಕಗಳಿಗೆ ಅದು ಬಗ್ಗಲಿಲ್ಲ. ಕೊನೆಗೆ ವಾಲ್ ಬೆಳ್ಳಿಯ ಅಯಾನನ್ನು ವೇಗವರ್ಧಕವಾಗಿಟ್ಟು ಪೆರಾಕ್ಸಿಡೈಸಲ್ಫೇಟ್ ಎಂಬ ಪ್ರಬಲ ಉತ್ಕರ್ಷಕವನ್ನು ಬಳಸಿದರು. ಆಗ ಥೋರಿಯಂ ತಳಕ್ಕಿಳಿಯಿತು, ಆಲ್ಫಾ ಸೂಸುವ ವಸ್ತು ದ್ರಾವಣದಲ್ಲೇ ಉಳಿಯಿತು. ಗಿಲ್ಮನ್ ಹಾಲ್ ಕಟ್ಟಡದ ಮೇಲಂತಸ್ತಿನ 307ನೆಯ ಪುಟ್ಟ ಕೋಣೆಯಲ್ಲಿ, 1941ರ ಫೆಬ್ರುವರಿ 23ರ ಬಿರುಮಳೆಯ ರಾತ್ರಿ ಬೆಳಗಾಗುವುದರೊಳಗೆ ಈ ಬೇರ್ಪಡೆ ಪೂರ್ಣಗೊಂಡಿತು. ತಿಳಿದಿದ್ದ ಯಾವ ಧಾತುವೂ ಹೀಗೆ ವರ್ತಿಸುವುದಿಲ್ಲವಾದ್ದರಿಂದ ಇದು ಹೊಸದೇ ಆಗಿರಬೇಕು ಎಂಬುದು ಸಿದ್ಧವಾಯಿತು. ಆ ಕೋಣೆ ಈಗ ರಾಷ್ಟ್ರೀಯ ಐತಿಹಾಸಿಕ ಸ್ಥಳ.

ಸಿಕ್ಕದ್ದು ಪ್ಲುಟೋನಿಯಂ-238. ಬಾಂಬಿಗೂ ರಿಯಾಕ್ಟರಿಗೂ ಮುಖ್ಯವಾದ ಪ್ಲುಟೋನಿಯಂ-239 ಇನ್ನೊಂದು ಐಸೊಟೋಪ್. ಸೀಬೋರ್ಗ್, ಸೆಗ್ರೆ ಮತ್ತು ಕೆನೆಡಿ ಅದರ ಅರ್ಧ ಮೈಕ್ರೊಗ್ರಾಂನಷ್ಟು ಮಾದರಿಯನ್ನು ತಯಾರಿಸಿ, ನಿಧಾನಗತಿಯ ನ್ಯೂಟ್ರಾನ್‌ಗಳಿಂದ ಅದು ವಿದಳನಗೊಳ್ಳುತ್ತದೆ ಎಂದು 1941ರ ಮಾರ್ಚ್ 28ರಂದು ತೋರಿಸಿದರು. ಆ ಮಾದರಿಯನ್ನು ಲೂಯಿಸ್ ಅವರ ಖಾಲಿ ಸಿಗಾರ್ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದರು. ಈ ಫಲಿತಾಂಶಗಳನ್ನು ಗುಟ್ಟಾಗಿಟ್ಟು, ಯುದ್ಧ ಮುಗಿದ ಮೇಲೆ 1946ರಲ್ಲಷ್ಟೇ ಪ್ರಕಟಿಸಲಾಯಿತು.

ಥೋರಿಯಂ ಇಂಧನದ ವಿಚಾರದಲ್ಲೂ ಇವರ ಹೆಸರು ಕೇಳಿಬರುತ್ತದೆ, ಏಕೆ?

ಥೋರಿಯಂ ತಾನಾಗಿ ಇಂಧನವಲ್ಲ. ನ್ಯೂಟ್ರಾನನ್ನು ಹೀರಿ, ಎರಡು ಹಂತಗಳಲ್ಲಿ ಕ್ಷಯಿಸಿ ಯುರೇನಿಯಂ-233 ಆದ ಮೇಲೆ ಅದು ಇಂಧನವಾಗುತ್ತದೆ. ಈ ಐಸೊಟೋಪನ್ನು ತಯಾರಿಸಿ, ಅದು ವಿದಳನಗೊಳ್ಳುತ್ತದೆ ಎಂದು 1942ರ ಆರಂಭದಲ್ಲಿ ತೋರಿಸಿದವರು ಸೀಬೋರ್ಗ್, ಅವರ ವಿದ್ಯಾರ್ಥಿ ಜಾನ್ ಗಾಫ್‌ಮನ್ ಮತ್ತು ರೇಮಂಡ್ ಸ್ಟೌಟನ್. ಥೋರಿಯಂ ರಿಯಾಕ್ಟರುಗಳ ಎಲ್ಲ ಲೆಕ್ಕಾಚಾರವೂ ನಿಂತಿರುವುದು ಈ ಶೋಧದ ಮೇಲೆ.

ಹತ್ತು ಧಾತುಗಳನ್ನು ಒಬ್ಬರೇ ಕಂಡುಹಿಡಿದರೇ? ಅವು ಯಾವುವು?

ಒಬ್ಬರೇ ಅಲ್ಲ, ಪ್ರತಿಯೊಂದೂ ತಂಡದ ಕೆಲಸ. ಪ್ಲುಟೋನಿಯಂ (94), ಅಮೆರಿಸಿಯಂ (95), ಕ್ಯೂರಿಯಂ (96), ಬರ್ಕೀಲಿಯಂ (97), ಕ್ಯಾಲಿಫೋರ್ನಿಯಂ (98), ಐನ್‌ಸ್ಟೈನಿಯಂ (99), ಫರ್ಮಿಯಂ (100), ಮೆಂಡಲೀವಿಯಂ (101), ನೊಬೆಲಿಯಂ (102) ಮತ್ತು ಸೀಬೋರ್ಗಿಯಂ (106) ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. ನೊಬೆಲಿಯಂನ ಶ್ರೇಯಸ್ಸು ರಷ್ಯಾದ ದುಬ್ನಾ ತಂಡಕ್ಕೆ ಸಲ್ಲಬೇಕೆಂದು ಮುಂದೆ ಅಂತರರಾಷ್ಟ್ರೀಯ ಪರಿಶೀಲನೆ ತೀರ್ಮಾನಿಸಿತು. ಐನ್‌ಸ್ಟೈನಿಯಂ ಮತ್ತು ಫರ್ಮಿಯಂ ಮೊದಲು ಸಿಕ್ಕಿದ್ದು 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದಲ್ಲಿ ನಡೆದ ಜಲಜನಕ ಸ್ಫೋಟದ ಅವಶೇಷಗಳಲ್ಲಿ. ಈ ಪಟ್ಟಿಯ ಬಹುಪಾಲು ಧಾತುಗಳ ಹಿಂದೆ ಆಲ್ಬರ್ಟ್ ಗಿಯೋರ್ಸೊ ಅವರ ಉಪಕರಣ ಕೌಶಲವೂ ಥಾಂಪ್ಸನ್ ಅವರ ರಸಾಯನವೂ ಇದ್ದವು. ಶಾಲಾ ಪುಸ್ತಕಗಳು ಸೀಬೋರ್ಗ್ ಒಬ್ಬರನ್ನೇ ಹೆಸರಿಸುವುದು ಅನ್ಯಾಯ.

ಹದಿನೇಳೇ ಪರಮಾಣುಗಳಿಂದ ಒಂದು ಧಾತುವನ್ನು ಸಾಬೀತು ಮಾಡಿದರಂತೆ. ಸಾಧ್ಯವೇ?

ಸಾಧ್ಯವಾಯಿತು, 1955ರಲ್ಲಿ, ಮೆಂಡಲೀವಿಯಂ ವಿಷಯದಲ್ಲಿ. ಗುರಿಯಾಗಿ ಅವರ ಬಳಿ ಇದ್ದದ್ದು ಐನ್‌ಸ್ಟೈನಿಯಂನ ಸುಮಾರು ನೂರು ಕೋಟಿ ಪರಮಾಣುಗಳು, ಅಂದರೆ ಯಾವ ತಕ್ಕಡಿಗೂ ಸಿಗದಷ್ಟು. ಚಿನ್ನದ ತೆಳುಹಾಳೆಯೊಂದರ ಮೇಲೆ ಲೇಪಿಸಿದ ಅದರ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರೆ ಪ್ರತಿ ಪ್ರಯೋಗಕ್ಕೆ ಹೆಚ್ಚುಕಡಿಮೆ ಒಂದು ಹೊಸ ಪರಮಾಣು ಹುಟ್ಟಬೇಕು ಎಂಬುದು ಲೆಕ್ಕ. ಪುಟಿದು ಹೊರಬಂದ ಪರಮಾಣುವನ್ನು ಎದುರಿನ ಇನ್ನೊಂದು ಹಾಳೆಯಲ್ಲಿ ಹಿಡಿದು, ಕಾರಿನಲ್ಲಿ ಬೆಟ್ಟ ಹತ್ತಿ ಮೇಲಿನ ಪ್ರಯೋಗಾಲಯಕ್ಕೆ ಧಾವಿಸಿ, ಹಾಳೆಯನ್ನು ಕರಗಿಸಿ, ಧಾತುಗಳನ್ನು ಒಂದಾದ ಮೇಲೊಂದರಂತೆ ಇಳಿಸಿ ಬೇರ್ಪಡಿಸುವ ಅಯಾನು ವಿನಿಮಯ ಸ್ತಂಭದ ಮೂಲಕ ಹಾಯಿಸುತ್ತಿದ್ದರು. ಯಾವ ಹನಿಯಲ್ಲಿ ಯಾವ ಧಾತು ಇಳಿಯುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಿದ್ದರಿಂದ 101ನೆಯದು ಇಳಿಯಬೇಕಾದ ಹನಿಯನ್ನೇ ಎಣಿಕೆ ಯಂತ್ರಕ್ಕೆ ಒಡ್ಡಿದರು.

ಎಣಿಕೆ ಯಂತ್ರಕ್ಕೆ ಕಟ್ಟಡದ ಬೆಂಕಿ ಎಚ್ಚರಿಕೆಯ ಗಂಟೆಯನ್ನು ಜೋಡಿಸಿದ್ದರು; ಒಂದು ಪರಮಾಣು ಒಡೆದಾಗಲೆಲ್ಲ ಗಂಟೆ ಬಾರಿಸುತ್ತಿತ್ತು. ಅಗ್ನಿಶಾಮಕ ವಿಭಾಗದವರು ಆಕ್ಷೇಪಿಸಿದ ಮೇಲೆ ಅದನ್ನು ತೆಗೆಯಬೇಕಾಯಿತು. ಶೀತಲ ಸಮರದ ಆ ದಿನಗಳಲ್ಲಿ ರಷ್ಯಾದ ಮೆಂಡಲೀವ್ ಅವರ ಹೆಸರಿಡಲು ಅಮೆರಿಕ ಸರ್ಕಾರದ ಒಪ್ಪಿಗೆಯನ್ನೂ ಸೀಬೋರ್ಗ್ ಕೇಳಿ ಪಡೆದರು. ಇನ್ನೂ ಕಾಣದ ಧಾತುಗಳ ಗುಣಗಳನ್ನು ಕೋಷ್ಟಕದ ಆಧಾರದಿಂದ ಮೊದಲು ಊಹಿಸಿದವರು ಮೆಂಡಲೀವ್; ಅದೇ ವಿಧಾನದಿಂದ ಸಿಕ್ಕ ಧಾತುವಿಗೆ ಅವರ ಹೆಸರು ಸಂದದ್ದು ಉಚಿತವೇ ಸರಿ.

## ಯುದ್ಧ ಮತ್ತು ಬಾಂಬು

ಅಣುಬಾಂಬು ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಅವರ ಪಾತ್ರವೇನು?

ರಿಯಾಕ್ಟರಿನೊಳಗೆ ಯುರೇನಿಯಂನಿಂದ ಹುಟ್ಟುವ ಪ್ಲುಟೋನಿಯಂ ಅನ್ನು ಬೇರ್ಪಡಿಸುವ ಕ್ರಮವನ್ನು ರೂಪಿಸುವುದು. 1942ರ ಏಪ್ರಿಲ್ 19ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನ, ಅವರು ಚಿಕಾಗೊದ ಮೆಟಲರ್ಜಿಕಲ್ ಲ್ಯಾಬೊರೇಟರಿಗೆ ಬಂದಿಳಿದರು. ಆಗ ಜಗತ್ತಿನಲ್ಲಿದ್ದ ಪ್ಲುಟೋನಿಯಂ ಎಲ್ಲವನ್ನೂ ಒಟ್ಟು ಸೇರಿಸಿದರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಆಗಸ್ಟ್ 20ರಂದು ಬರಿಸ್ ಕನಿಂಗ್‌ಹ್ಯಾಮ್ ಮತ್ತು ಲೂಯಿಸ್ ವರ್ನರ್ ಅದರ ಶುದ್ಧ ಸಂಯುಕ್ತವೊಂದನ್ನು ಮೊದಲ ಬಾರಿ ಕಾಣುವಂತೆ ಮಾಡಿದರು. ಸೆಪ್ಟೆಂಬರ್ 10ರಂದು ತೂಗಿದಾಗ ಸಿಕ್ಕಿದ್ದು 2.77 ಮೈಕ್ರೊಗ್ರಾಂ ಆಕ್ಸೈಡ್. ಕೂದಲೆಳೆಯಂಥ ಗಾಜಿನ ನಾಳಗಳಲ್ಲಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಈ ಕೆಲಸವೆಲ್ಲ ನಡೆಯುತ್ತಿತ್ತು.

ಆ ಸೂಕ್ಷ್ಮ ಪ್ರಮಾಣದಲ್ಲಿ ಕಲಿತದ್ದನ್ನು ಪ್ಲುಟೋನಿಯಂ ತಯಾರಿಸುವ ಹ್ಯಾನ್‌ಫರ್ಡ್ ಕಾರ್ಖಾನೆಗೆ ಒಯ್ಯುವಾಗ ಪ್ರಮಾಣ ನೂರು ಕೋಟಿ ಪಟ್ಟು ಹಿಗ್ಗಬೇಕಿತ್ತು. ಥಾಂಪ್ಸನ್ ಕಂಡುಕೊಂಡ ಬಿಸ್ಮತ್ ಫಾಸ್ಫೇಟ್ ವಿಧಾನವೇ ಕೈಹಿಡಿಯಿತು. ನಾಲ್ಕರ ಉತ್ಕರ್ಷಣ ಸ್ಥಿತಿಯಲ್ಲಿರುವ, ಅಂದರೆ ನಾಲ್ಕು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟ, ಪ್ಲುಟೋನಿಯಂ ಬಿಸ್ಮತ್ ಫಾಸ್ಫೇಟ್ ಜೊತೆ ಪ್ರಕ್ಷೇಪವಾಗುತ್ತದೆ, ಆರರ ಸ್ಥಿತಿಯಲ್ಲಿ ಆಗುವುದಿಲ್ಲ. ಈ ಎರಡು ಸ್ಥಿತಿಗಳ ನಡುವೆ ಅದನ್ನು ಮತ್ತೆ ಮತ್ತೆ ಹೊರಳಿಸಿದರೆ ಮೊದಲು ಯುರೇನಿಯಂ, ಆಮೇಲೆ ವಿದಳನದ ಚೂರುಗಳು ಕಳಚಿಕೊಳ್ಳುತ್ತವೆ. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿದ್ದ ಸುಮಾರು 6 ಕಿಲೋ ಪ್ಲುಟೋನಿಯಂ ಈ ವಿಧಾನದಿಂದಲೇ ಬಂದದ್ದು.

ಬಾಂಬು ಹಾಕುವುದಕ್ಕೆ ಅವರು ಒಪ್ಪಿದ್ದರೇ?

ಜಪಾನಿನ ನಗರದ ಮೇಲೆ ಎಚ್ಚರಿಕೆಯಿಲ್ಲದೆ ಹಾಕುವುದನ್ನು ಅವರು ಒಪ್ಪಿರಲಿಲ್ಲ. ಜೇಮ್ಸ್ ಫ್ರಾಂಕ್ ಅಧ್ಯಕ್ಷತೆಯ ಸಮಿತಿ 1945ರ ಜೂನ್‌ನಲ್ಲಿ ಸಲ್ಲಿಸಿದ ವರದಿಗೆ ಸಹಿ ಹಾಕಿದ ಏಳು ಮಂದಿಯಲ್ಲಿ ಅವರೂ ಒಬ್ಬರು. ನಿರ್ಜನ ಪ್ರದೇಶದಲ್ಲಿ ಎಲ್ಲ ದೇಶಗಳ ಪ್ರತಿನಿಧಿಗಳೆದುರು ಈ ಅಸ್ತ್ರವನ್ನು ಪ್ರದರ್ಶಿಸಬೇಕು, ಇಲ್ಲವಾದರೆ ಶಸ್ತ್ರಾಸ್ತ್ರಗಳ ಪೈಪೋಟಿ ತಪ್ಪದು ಎಂದು ವರದಿ ಎಚ್ಚರಿಸಿತ್ತು. ಸರ್ಕಾರ ಅದಕ್ಕೆ ಕಿವಿಗೊಡಲಿಲ್ಲ. ಆದರೂ ಯೋಜನೆಯಲ್ಲಿ ಪಾಲ್ಗೊಂಡದ್ದನ್ನು ಸೀಬೋರ್ಗ್ ತಪ್ಪೆಂದು ಭಾವಿಸಲಿಲ್ಲ. ಹಿಟ್ಲರನ ಕೈಗೆ ಮೊದಲು ಸಿಕ್ಕರೆ ಏನು ಗತಿ ಎಂಬ ಭಯವೇ ಆಗ ಎಲ್ಲರನ್ನೂ ದುಡಿಸುತ್ತಿತ್ತು. ಈ ಎರಡೂ ನಿಲುವುಗಳನ್ನು ಒಟ್ಟಿಗೆ ಇಟ್ಟುಕೊಂಡೇ ಅವರನ್ನು ಓದಬೇಕು.

## ಮನ್ನಣೆ, ಮನೆ, ಅಧಿಕಾರ

ನೊಬೆಲ್ ಯಾವುದಕ್ಕೆ ಬಂತು?

ಯುರೇನಿಯಂ ಆಚೆಗಿನ ಧಾತುಗಳ ರಸಾಯನದಲ್ಲಿ ಮಾಡಿದ ಶೋಧಗಳಿಗಾಗಿ, 1951ರಲ್ಲಿ, ಮೆಕ್‌ಮಿಲನ್ ಅವರ ಜೊತೆ. ಆಗ ಅವರಿಗೆ 39 ವರ್ಷ. ಸ್ಟಾಕ್‌ಹೋಮ್‌ನ ಔತಣಕೂಟದಲ್ಲಿ ಅವರು ತಾಯಿಯ ಭಾಷೆಯಾದ ಸ್ವೀಡಿಷ್‌ನಲ್ಲೇ ಮಾತನಾಡಿದರು.

ಹೊಸ ಧಾತುಗಳ ಸುದ್ದಿಯನ್ನು ಮಕ್ಕಳ ರೇಡಿಯೊ ಕಾರ್ಯಕ್ರಮದಲ್ಲಿ ಹೇಳಿಬಿಟ್ಟರು ಎಂಬುದು ಕಟ್ಟುಕತೆಯೇ?

ನಿಜ ಸಂಗತಿ. 1945ರ ನವೆಂಬರ್ 11ರಂದು ಮಕ್ಕಳ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ಅತಿಥಿಯಾಗಿ ಹೋಗಿದ್ದಾಗ, ಬೇರೆ ಯಾವುದಾದರೂ ಹೊಸ ಧಾತು ಸಿಕ್ಕಿದೆಯೇ ಎಂದು ಹುಡುಗನೊಬ್ಬ ಕೇಳಿದ. ಗುಟ್ಟಿನ ನಿರ್ಬಂಧ ಅಷ್ಟರಲ್ಲಿ ತೆರವಾಗಿತ್ತು. ವಿಜ್ಞಾನಿಗಳ ಸಭೆಯಲ್ಲಿ ಕೆಲವೇ ದಿನಗಳ ನಂತರ ಪ್ರಕಟಿಸಬೇಕಿದ್ದ 95 ಮತ್ತು 96ನೆಯ ಧಾತುಗಳ ವಿಷಯವನ್ನು ಸೀಬೋರ್ಗ್ ಅಲ್ಲೇ ಹೇಳಿದರು.

ಧಾತುವಿನ ಮೇಲೆ ಯಾರಾದರೂ ಪೇಟೆಂಟ್ ಪಡೆಯಬಹುದೇ?

ಸೀಬೋರ್ಗ್ ಪಡೆದರು. ಅಮೆರಿಸಿಯಂ ಮತ್ತು ಕ್ಯೂರಿಯಂ ಎರಡಕ್ಕೂ 1964ರಲ್ಲಿ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಮೊದಲನೆಯದರಲ್ಲಿ ಹಕ್ಕು ಕೋರಿಕೆಯ ಒಂದು ಸಾಲು ‘ಧಾತು 95’ ಎಂಬಷ್ಟೇ ಇದೆ. ಪ್ರಕೃತಿಯಲ್ಲಿ ಸಿಗದ, ಮನುಷ್ಯ ತಯಾರಿಸಿದ ವಸ್ತು ಎಂಬ ನೆಲೆಯಲ್ಲಿ ಇದು ಸಾಧ್ಯವಾಯಿತು. ಮನೆಗಳಲ್ಲಿ ಅಳವಡಿಸುವ ಹೊಗೆ ಪತ್ತೆ ಸಾಧನಗಳಲ್ಲಿ ಅನೇಕವು ಇಂದಿಗೂ ಒಂದು ಮೈಕ್ರೊಗ್ರಾಂಗೂ ಕಡಿಮೆ ಅಮೆರಿಸಿಯಂ-241ರಿಂದ ಕೆಲಸ ಮಾಡುತ್ತವೆ.

ಕುಟುಂಬ ಮತ್ತು ಹವ್ಯಾಸಗಳ ಬಗ್ಗೆ ತಿಳಿಸುವಿರಾ?

ಪತ್ನಿ ಹೆಲೆನ್ ಗ್ರಿಗ್ಸ್, ಸೈಕ್ಲೊಟ್ರಾನ್ ನಿರ್ಮಾತೃ ಅರ್ನೆಸ್ಟ್ ಲಾರೆನ್ಸ್ ಅವರ ಕಾರ್ಯದರ್ಶಿಯಾಗಿದ್ದವರು. 1942ರ ಜೂನ್‌ನಲ್ಲಿ ಚಿಕಾಗೊಗೆ ಹೋಗುವ ದಾರಿಯಲ್ಲಿ ಇಬ್ಬರೂ ನೆವಾಡಾದಲ್ಲಿ ರೈಲಿನಿಂದ ಇಳಿದು, ಪಿಯೋಚ್ ಎಂಬ ಸಣ್ಣ ಊರಿನಲ್ಲಿ ಮದುವೆಯಾಗಿ, ಪಯಣ ಮುಂದುವರಿಸಿದರು. ದಂಪತಿಗಳಿಗೆ ಆರು ಮಕ್ಕಳು. ಆರಡಿ ನಾಲ್ಕು ಅಂಗುಲ ಎತ್ತರದ ಸೀಬೋರ್ಗ್ ದೂರದ ಕಾಲ್ನಡಿಗೆಯನ್ನು ಬಹಳ ಇಷ್ಟಪಡುತ್ತಿದ್ದರು. ಹದಿಹರೆಯದಲ್ಲಿ ಆರಂಭಿಸಿದ ದಿನಚರಿ ಬರವಣಿಗೆಯನ್ನು ಕೊನೆಗಾಲದವರೆಗೂ ಬಿಡಲಿಲ್ಲ. ಆಯೋಗದ ದಿನಗಳ ದಿನಚರಿಯನ್ನು ಸರ್ಕಾರ ಮುಂದೆ ವಾಪಸು ತರಿಸಿಕೊಂಡು ಹಲವು ಭಾಗಗಳನ್ನು ಅಳಿಸಿದಾಗ ಅವರು ಗಟ್ಟಿಯಾಗಿಯೇ ಪ್ರತಿಭಟಿಸಿದರು.

ಪರಮಾಣು ಶಕ್ತಿ ಆಯೋಗದಲ್ಲಿ ಅವರು ಒಳ್ಳೆಯದು ಮಾಡಿದರೇ, ಕೆಟ್ಟದ್ದೇ?

1958ರಿಂದ ಬರ್ಕ್ಲಿ ವಿಶ್ವವಿದ್ಯಾಲಯದ ಚಾನ್ಸಲರ್ ಆಗಿದ್ದ ಅವರನ್ನು 1961ರಲ್ಲಿ ಅಧ್ಯಕ್ಷ ಕೆನೆಡಿ ಆಯೋಗಕ್ಕೆ ಕರೆಸಿಕೊಂಡರು. ಜಾನ್ಸನ್ ಮತ್ತು ನಿಕ್ಸನ್ ಕಾಲದಲ್ಲೂ ಮುಂದುವರಿದು 1971ರಲ್ಲಿ ಹುದ್ದೆ ಬಿಟ್ಟರು. ವಾತಾವರಣ, ಬಾಹ್ಯಾಕಾಶ ಮತ್ತು ನೀರಿನಡಿಯ ಪರಮಾಣು ಪರೀಕ್ಷೆಗಳನ್ನು ನಿಷೇಧಿಸಿದ 1963ರ ಮಾಸ್ಕೊ ಒಪ್ಪಂದದ ಹಿಂದೆ ಅವರ ದುಡಿಮೆಯಿದೆ. ಸಹಿ ಸಮಾರಂಭಕ್ಕೆ ಹೋದ ನಿಯೋಗದಲ್ಲೂ ಅವರಿದ್ದರು. ಭೂಗರ್ಭದ ಪರೀಕ್ಷೆಗಳೂ ನಿಲ್ಲಬೇಕೆಂದು ಬದುಕಿನುದ್ದಕ್ಕೂ ವಾದಿಸಿದರು. ಇದು ಸಣ್ಣ ಸಾಧನೆಯಲ್ಲ.

ಆದರೆ ಆ ಆಯೋಗ ಪರಮಾಣು ಶಕ್ತಿಯ ಪ್ರಚಾರವನ್ನೂ ಅದರ ನಿಯಂತ್ರಣವನ್ನೂ ತಾನೇ ಮಾಡುತ್ತಿತ್ತು. ಬೇಲಿಯೇ ಹೊಲ ಮೇಯುವ ಅಪಾಯ ಅದರ ರಚನೆಯಲ್ಲೇ ಇತ್ತು. ಕಾಲುವೆ, ಬಂದರು ತೋಡಲು ಪರಮಾಣು ಸ್ಫೋಟಗಳನ್ನು ಬಳಸುವ ಪ್ಲೋಷೇರ್ ಯೋಜನೆಗೆ ಅವರ ಬೆಂಬಲವಿತ್ತು. ಅದರ ಭಾಗವಾಗಿ 1962ರ ಜುಲೈನಲ್ಲಿ ನೆವಾಡಾದಲ್ಲಿ ನಡೆದ ಸೆಡಾನ್ ಸ್ಫೋಟ ಸುಮಾರು 100 ಮೀಟರ್ ಆಳದ ಕುಳಿಯನ್ನು ತೋಡಿ, ವಿಕಿರಣಶೀಲ ಧೂಳನ್ನು ದೂರದವರೆಗೆ ಹರಡಿತು. ಪ್ಲುಟೋನಿಯಂ ಭವಿಷ್ಯದ ಮುಖ್ಯ ಇಂಧನವಾಗುತ್ತದೆ ಎಂಬ ಅವರ ನಿರೀಕ್ಷೆಯೂ ಕೈಗೂಡಲಿಲ್ಲ.

ಅತ್ಯಂತ ತೀಕ್ಷ್ಣವಾದ ಟೀಕೆ ಬಂದದ್ದು ಅವರದೇ ಹಳೆಯ ವಿದ್ಯಾರ್ಥಿಯಿಂದ. ಯುರೇನಿಯಂ-233ರ ಸಹಶೋಧಕ ಗಾಫ್‌ಮನ್ ಆಮೇಲೆ ವೈದ್ಯಕೀಯವನ್ನೂ ಓದಿ, ಅಲ್ಪ ಪ್ರಮಾಣದ ವಿಕಿರಣದಿಂದ ಉಂಟಾಗುವ ಕ್ಯಾನ್ಸರ್ ಅಪಾಯವನ್ನು ಆಯೋಗ ಕಡಿಮೆ ಅಂದಾಜು ಮಾಡುತ್ತಿದೆ ಎಂದು 1969ರಿಂದ ಆರ್ಥರ್ ಟ್ಯಾಂಪ್ಲಿನ್ ಜೊತೆ ಬಹಿರಂಗವಾಗಿ ವಾದಿಸಿದರು. ಮಿತಿಗಳನ್ನು ಹತ್ತು ಪಟ್ಟು ಬಿಗಿಗೊಳಿಸಬೇಕೆಂದರು. ಆಯೋಗ ಈ ಮಾತನ್ನು ಕೇಳಿಸಿಕೊಂಡ ರೀತಿ ಗೌರವ ತರುವಂಥದ್ದಾಗಿರಲಿಲ್ಲ. 1974ರಲ್ಲಿ ಅಮೆರಿಕ ಸಂಸತ್ತು ಆಯೋಗವನ್ನೇ ಒಡೆದು, ನಿಯಂತ್ರಣದ ಕೆಲಸವನ್ನು ಬೇರೆ ಸಂಸ್ಥೆಗೆ ಒಪ್ಪಿಸಿತು. ಸೀಬೋರ್ಗ್ ಅವರನ್ನು ಮೆಚ್ಚುವವರು ಈ ಅಧ್ಯಾಯವನ್ನು ಹಾರಿಸಿ ಓದಬಾರದು.

ಅವರು ನಿಜವಾಗಿಯೂ ಚಿನ್ನ ತಯಾರಿಸಿದರೇ?

1980ರ ಸುಮಾರಿಗೆ ಬರ್ಕ್ಲಿಯಲ್ಲಿ ಸೀಬೋರ್ಗ್ ಇದ್ದ ತಂಡ ಬಿಸ್ಮತ್ ಮೇಲೆ ಅತಿವೇಗದ ಅಯಾನುಗಳನ್ನು ಹಾಯಿಸಿ, ಅದರ ಬೀಜಕೇಂದ್ರದಿಂದ ನಾಲ್ಕು ಪ್ರೋಟಾನ್‌ಗಳನ್ನು ಕಳಚಿ, ಕೆಲವು ಸಾವಿರ ಚಿನ್ನದ ಪರಮಾಣುಗಳನ್ನು ಪಡೆದದ್ದು ನಿಜ. ಅದಕ್ಕೆ ತಗಲಿದ ವೆಚ್ಚದ ಮುಂದೆ ಸಿಕ್ಕ ಚಿನ್ನದ ಬೆಲೆ ಏನೇನೂ ಅಲ್ಲ. ಬೀಜಕೇಂದ್ರಗಳು ಹೇಗೆ ಛಿದ್ರವಾಗುತ್ತವೆ ಎಂಬುದನ್ನು ತಿಳಿಯುವುದೇ ಆ ಪ್ರಯೋಗದ ಗುರಿಯಾಗಿತ್ತು.

ಬದುಕಿರುವಾಗಲೇ ಧಾತುವಿಗೆ ಹೆಸರು ಬಂದದ್ದಕ್ಕೆ ವಿವಾದವಾಯಿತಂತೆ?

ಆಯಿತು. 106ನೆಯ ಧಾತುವನ್ನು 1974ರಲ್ಲಿ ಗಿಯೋರ್ಸೊ ನೇತೃತ್ವದ ತಂಡ ಕ್ಯಾಲಿಫೋರ್ನಿಯಂ ಮೇಲೆ ಆಮ್ಲಜನಕದ ಅಯಾನುಗಳನ್ನು ಹಾಯಿಸಿ ತಯಾರಿಸಿತ್ತು. 1994ರಲ್ಲಿ ಅದಕ್ಕೆ ಸೀಬೋರ್ಗಿಯಂ ಎಂಬ ಹೆಸರನ್ನು ಸೂಚಿಸಿದಾಗ, ಜೀವಂತ ವ್ಯಕ್ತಿಯ ಹೆಸರಿಡಬಾರದೆಂದು ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ಸಮಿತಿ ಆಕ್ಷೇಪಿಸಿತು. ಅಮೆರಿಕದ ರಸಾಯನವಿಜ್ಞಾನಿಗಳು ಪಟ್ಟು ಬಿಡಲಿಲ್ಲ. 1997ರಲ್ಲಿ ಹೆಸರು ಅಧಿಕೃತವಾಯಿತು. ನೊಬೆಲ್‌ಗಿಂತಲೂ ಇದು ದೊಡ್ಡ ಗೌರವ ಎಂದು ಸೀಬೋರ್ಗ್ ಹೇಳಿಕೊಂಡರು. 1998ರ ಆಗಸ್ಟ್‌ನಲ್ಲಿ ಬಾಸ್ಟನ್‌ನ ಸಮ್ಮೇಳನವೊಂದಕ್ಕೆ ಹೋಗಿದ್ದಾಗ ಪಾರ್ಶ್ವವಾಯು ಬಡಿದು, 1999ರ ಫೆಬ್ರುವರಿ 25ರಂದು ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

## ಆಳದ ಪ್ರಶ್ನೆಗಳು

ಆಕ್ಟಿನೈಡ್ ಪರಿಕಲ್ಪನೆ ಎಂದರೇನು? ಅದು ಅಷ್ಟು ದಿಟ್ಟ ಹೆಜ್ಜೆ ಏಕೆ?

1940ರ ದಶಕದ ಆರಂಭದವರೆಗಿನ ಆವರ್ತ ಕೋಷ್ಟಕದಲ್ಲಿ ಥೋರಿಯಂ, ಪ್ರೊಟಾಕ್ಟಿನಿಯಂ ಮತ್ತು ಯುರೇನಿಯಂಗಳನ್ನು ಕ್ರಮವಾಗಿ ಹಾಫ್ನಿಯಂ, ಟಾಂಟಲಂ ಮತ್ತು ಟಂಗ್‌ಸ್ಟನ್‌ಗಳ ಕೆಳಗೆ ಇಡುತ್ತಿದ್ದರು. ಯುರೇನಿಯಂ ಆರರ ಉತ್ಕರ್ಷಣ ಸ್ಥಿತಿಯನ್ನು ಇಷ್ಟಪಡುವುದರಿಂದ ಅದು ಟಂಗ್‌ಸ್ಟನ್‌ನ ಕೆಳಗಿರುವುದು ಸಹಜವಾಗಿಯೇ ಕಾಣುತ್ತಿತ್ತು. 1944ರಲ್ಲಿ 95 ಮತ್ತು 96ನೆಯ ಧಾತುಗಳನ್ನು ಹುಡುಕುವಾಗ ಸೀಬೋರ್ಗ್ ತಂಡವೂ ಇದೇ ದಾರಿಯಲ್ಲಿ ನಡೆದು, ಪ್ಲುಟೋನಿಯಂನಂತೆ ಅವನ್ನೂ ಆರರ ಸ್ಥಿತಿಗೆ ಏರಿಸಿ ಬೇರ್ಪಡಿಸಲು ಯತ್ನಿಸಿತು. ಪ್ರಯತ್ನಗಳು ಒಂದಾದ ಮೇಲೊಂದರಂತೆ ವಿಫಲವಾದವು.

ಆಗ ಸೀಬೋರ್ಗ್ ದೋಷವನ್ನು ಪ್ರಯೋಗದಲ್ಲಿ ಹುಡುಕದೆ ಕೋಷ್ಟಕದಲ್ಲಿಯೇ ಹುಡುಕಿದರು. ಲ್ಯಾಂಥನಂನ ಮುಂದೆ ಹದಿನಾಲ್ಕು ಧಾತುಗಳಲ್ಲಿ 4ಎಫ್ ಎಂಬ ಎಲೆಕ್ಟ್ರಾನ್ ಕವಚ ತುಂಬುತ್ತ ಹೋಗುವಂತೆ, ಆಕ್ಟಿನಿಯಂನ ಮುಂದೆ 5ಎಫ್ ಕವಚ ತುಂಬುವ ಇನ್ನೊಂದು ಸಾಲಿದೆ ಎಂದರು. ಹಾಗಿದ್ದರೆ 95 ಮತ್ತು 96 ಯುರೋಪಿಯಂ ಮತ್ತು ಗ್ಯಾಡೊಲಿನಿಯಂಗಳ ಕೆಳಗೆ ಬರುತ್ತವೆ. ಅವು ಮೂರರ ಸ್ಥಿತಿಯನ್ನು ಬಿಟ್ಟುಕೊಡುವುದಿಲ್ಲ, ಆರಕ್ಕೇರಿಸುವ ಹಟವೇ ವ್ಯರ್ಥ. ಈ ಊಹೆಯ ಮೇಲೆ ಬೇರ್ಪಡೆಯ ಕ್ರಮವನ್ನು ಬದಲಿಸಿದ ಕೂಡಲೇ ಎರಡೂ ಧಾತುಗಳು ಪತ್ತೆಯಾದವು. ಅವನ್ನು ಪರಸ್ಪರ ಬಿಡಿಸುವುದು ಮಾತ್ರ ಎಷ್ಟು ಕಷ್ಟವಾಯಿತೆಂದರೆ ತಂಡದವರು ಅವುಗಳಿಗೆ ‘ಪ್ಯಾಂಡಿಮೋನಿಯಂ’, ‘ಡೆಲೀರಿಯಂ’ ಎಂದು ಅಡ್ಡಹೆಸರಿಟ್ಟಿದ್ದರು.

ಇದನ್ನು ಪ್ರಕಟಿಸಿದರೆ ನಿಮ್ಮ ಹೆಸರು ಕೆಡುತ್ತದೆ ಎಂದು ಹಿರಿಯ ರಸಾಯನವಿಜ್ಞಾನಿಗಳು ಅವರನ್ನು ತಡೆದಿದ್ದರು. ಕೆಡುವುದಕ್ಕೆ ತಮಗೆ ಅಂಥ ಹೆಸರೇನೂ ಇರಲಿಲ್ಲ, ಅದಕ್ಕೇ ಪ್ರಕಟಿಸಿದೆ ಎಂದು ಸೀಬೋರ್ಗ್ ಆಮೇಲೆ ನೆನೆಯುತ್ತಿದ್ದರು. ಅವರ ಕೆಲಸಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಧಾತುಗಳನ್ನು ತಯಾರಿಸಲು ಸೈಕ್ಲೊಟ್ರಾನ್ ಬೇಕು, ಹಣ ಬೇಕು, ತಂಡ ಬೇಕು. ಕೋಷ್ಟಕವನ್ನು ತಿದ್ದಲು ಬೇಕಾದದ್ದು ಪ್ರಯೋಗ ಹೇಳುತ್ತಿರುವುದನ್ನು ನಂಬುವ ಧೈರ್ಯ.

ಆ ಪರಿಕಲ್ಪನೆ ಇಂದಿಗೂ ಹಾಗೆಯೇ ನಿಂತಿದೆಯೇ?

ಬಹುಮಟ್ಟಿಗೆ ನಿಂತಿದೆ, ಒಂದು ತಿದ್ದುಪಡಿಯೊಂದಿಗೆ. ಸಾಲಿನ ಮೊದಲ ಕೆಲವು ಧಾತುಗಳಲ್ಲಿ 5ಎಫ್ ಎಲೆಕ್ಟ್ರಾನ್‌ಗಳು ಬಂಧಗಳಲ್ಲಿ ಸುಲಭವಾಗಿ ಪಾಲುಗೊಳ್ಳುತ್ತವೆ. ಆದ್ದರಿಂದಲೇ ಯುರೇನಿಯಂ, ನೆಪ್ಚೂನಿಯಂ, ಪ್ಲುಟೋನಿಯಂಗಳು ಮೂರರಿಂದ ಆರು, ಏಳರವರೆಗೆ ಹಲವು ಉತ್ಕರ್ಷಣ ಸ್ಥಿತಿಗಳನ್ನು ತೋರಿಸುತ್ತವೆ ಮತ್ತು ಲ್ಯಾಂಥನೈಡ್‌ಗಳನ್ನು ಅಷ್ಟಾಗಿ ಹೋಲುವುದಿಲ್ಲ. ಕ್ಯೂರಿಯಂನಿಂದ ಮುಂದಕ್ಕೆ ಹೋಲಿಕೆ ಗಟ್ಟಿಯಾಗುತ್ತದೆ. ನೊಬೆಲಿಯಂ ಸಿಗುವುದಕ್ಕೆ ವರ್ಷಗಳ ಮೊದಲೇ, 1949ರಲ್ಲಿ, ಅದರಲ್ಲಿ ಎರಡರ ಸ್ಥಿತಿ ಸ್ಥಿರವಾಗಿರುತ್ತದೆ ಎಂದು ಸೀಬೋರ್ಗ್ ಮುನ್ನುಡಿದಿದ್ದರು. ಪ್ರಯೋಗ ಅದನ್ನು ಎತ್ತಿಹಿಡಿಯಿತು.

ಸಾಲು 103ಕ್ಕೆ ಮುಗಿದರೆ 104ನೆಯದು ಹಾಫ್ನಿಯಂ ಕೆಳಗೆ, 106ನೆಯದು ಟಂಗ್‌ಸ್ಟನ್ ಕೆಳಗೆ ಬರಬೇಕು. ಯುರೇನಿಯಂ ತೆರವು ಮಾಡಿದ ಜಾಗಕ್ಕೆ ಹೀಗೆ ಸೀಬೋರ್ಗಿಯಂ ಬಂದು ಕೂರುತ್ತದೆ. 1997ರಲ್ಲಿ ಪ್ರಕಟವಾದ, ಕೈಬೆರಳಿನಲ್ಲಿ ಎಣಿಸುವಷ್ಟೇ ಪರಮಾಣುಗಳ ಮೇಲಿನ ಪ್ರಯೋಗಗಳು ಅದರ ವರ್ತನೆ ಟಂಗ್‌ಸ್ಟನ್‌ನಂತೆಯೇ ಇದೆ ಎಂದು ತೋರಿಸಿದವು. 2014ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ತಂಡವೊಂದು ಅದರ ಹೆಕ್ಸಾಕಾರ್ಬೊನಿಲ್ ಸಂಯುಕ್ತವನ್ನು (ಆರು ಕಾರ್ಬನ್ ಮೊನಾಕ್ಸೈಡ್ ಅಣುಗಳು ಬೆಸೆದದ್ದನ್ನು) ತಯಾರಿಸಿತು. ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ಕೂಡ ಇದೇ ಬಗೆಯ, ಸುಲಭವಾಗಿ ಆವಿಯಾಗುವ ಸಂಯುಕ್ತವನ್ನು ಕೊಡುತ್ತವೆ.